ತಟ್ಟೆ, ತೊಟ್ಟೆ, ಚೀಲ: ನಮ್ಮ ಪಾತ್ರೆ ಬ್ಯಾಂಕಿಗೆ ಪದೇ ಪದೇ ಬರುವ ಪ್ರಶ್ನೆಗಳು

ಮುಂಬಯಿಯ ಘಾಟ್‌ಕೋಪರ್, ವಿಕ್ರೋಲಿ, ಚೆಂಬೂರು ಕಡೆ ಇರುವ ಕೆಲವು ಕನ್ನಡ ಮನೆಯವರು ಸೇರಿ ಒಂದು ಪಾತ್ರೆ ಬ್ಯಾಂಕ್ ನಡೆಸುತ್ತಿದ್ದೇವೆ. ಸ್ಟೀಲ್ ತಟ್ಟೆ, ಲೋಟ, ಬಟ್ಟಲು, ಚಮಚ, ಬಡಿಸುವ ಬಕೆಟ್ಟು, ಸೌಟು ಎಲ್ಲ ಇದೆ. ಸತ್ಯನಾರಾಯಣ ಪೂಜೆ, ನಾಮಕರಣ, ಸೀಮಂತ, ಸಂಘದ ವಾರ್ಷಿಕೋತ್ಸವ, ಯಾವುದಕ್ಕೆ ಬೇಕಾದರೂ ಒಯ್ಯಬಹುದು. ಬಾಡಿಗೆ ಇಲ್ಲ. ಫೋನ್ ಮಾಡುವವರೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ತಟ್ಟೆಯಿಂದ ಶುರುವಾದ ಮಾತು ಹಾಲಿನ ತೊಟ್ಟೆ (ಪ್ಲಾಸ್ಟಿಕ್ ಕವರು), ಮೀನಿನ ಚೀಲದವರೆಗೂ ಹೋಗುತ್ತದೆ. ಬೇಕಾದ ಪ್ರಶ್ನೆ ಹುಡುಕಿಕೊಂಡು ಓದಿ.

ಇದು ಶುರುವಾದದ್ದು ಹೇಗೆ?

ನಮ್ಮ ಕಟ್ಟಡದ ಒಂದು ಪೂಜೆಯಿಂದ. ಆಗ ಥರ್ಮಕೋಲ್ ತಟ್ಟೆಗೆ ಇನ್ನೂ ನಿಷೇಧ ಬಂದಿರಲಿಲ್ಲ. ರಾತ್ರಿ ಊಟ ಮುಗಿದಾಗ ನಾಲ್ಕು ದೊಡ್ಡ ಕಪ್ಪು ಚೀಲ ತುಂಬಿತ್ತು. ಬಾಯಿ ಕಟ್ಟಿ ಗೇಟಿನ ಹತ್ತಿರ ಇಟ್ಟು ಮಲಗಿದೆವು. ಬೆಳಿಗ್ಗೆ ಹಾಲು ತರಲು ಇಳಿದಾಗ ಕಸ ಒಯ್ಯುವ ಹೆಂಗಸು ಆ ಚೀಲಗಳನ್ನು ಬಿಚ್ಚಿಕೊಂಡು ಕೂತಿದ್ದರು. ಬರಿಗೈ. ಸಾಂಬಾರು ಹತ್ತಿದ ತಟ್ಟೆ, ಪಾಯಸದ ಕಪ್ಪು, ಅರ್ಧ ಕುಡಿದ ನೀರಿನ ಬಾಟಲಿ, ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಪಾಯಸಕ್ಕೆ ಇರುವೆ ಮುತ್ತಿ, ಅವರ ಮೊಣಕೈವರೆಗೂ ಹತ್ತಿದ್ದವು. ಬಾಟಲಿಗಳನ್ನು ಮಾತ್ರ ಆರಿಸಿ ತಮ್ಮ ಗೋಣಿಗೆ ಹಾಕಿಕೊಳ್ಳುತ್ತಿದ್ದರು. ಈ ತಟ್ಟೆಗಳು ಯಾಕೆ ಬೇಡ ಎಂದು ಕೇಳಿದೆ. "ಇದಕ್ಕೆ ಏನೂ ಬರಲ್ಲ ಬಾಯಿ" ಎಂದರು.

ನಮಗೆ ಅರ್ಧ ಗಂಟೆಯ ಅನುಕೂಲ. ಅವರಿಗೆ ಒಂದು ಬೆಳಗಿನ ಹೊಲಸು, ಅದೂ ದುಡ್ಡಿಲ್ಲದ್ದು. ಆ ವಾರವೇ ಮೂರು ಮನೆಯವರು ಕೂತು ಮಾತಾಡಿದೆವು. ಪಾತ್ರೆ ಕೊಳ್ಳಲು ಚಂದಾ ಎತ್ತಬೇಕು ಅಂದುಕೊಂಡಿದ್ದೆವು, ಬೇಕಾಗಲಿಲ್ಲ. ಎಲ್ಲರ ಮನೆಯ ಅಟ್ಟದ ಮೇಲೂ ಮದುವೆಗೆ, ಗೃಹಪ್ರವೇಶಕ್ಕೆ ಬಂದ ಸ್ಟೀಲ್ ತಟ್ಟೆಗಳು ಪೇಪರ್ ಸುತ್ತಿಕೊಂಡು ಮಲಗಿದ್ದವು. ಅಂಚಿನಲ್ಲಿ ಕೊಟ್ಟವರ ಹೆಸರು, ತಾರೀಕು, ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರ. ಒಂದು ತಟ್ಟೆಯ ಹಾಗೆ ಇನ್ನೊಂದಿಲ್ಲ. ಇವತ್ತಿಗೂ ನಮ್ಮ ಬ್ಯಾಂಕಿನ ಅರ್ಧ ಬಂಡವಾಳ ಅದೇ.

ತೊಳೆಯುವವರು ಯಾರು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೇಳಬೇಕಾದದ್ದೂ ಇದನ್ನೇ.

ಬಿಸಾಡುವ ತಟ್ಟೆ ನಮ್ಮ ಸಮಾರಂಭಗಳಿಗೆ ಸುಮ್ನೆ ಬರಲಿಲ್ಲ. ಊಟವಾದ ಮೇಲೆ ಹಾಲ್‌ನಲ್ಲಿ ಹಾಡು, ಹರಟೆ, ಫೋಟೊ ನಡೆಯುವಾಗ ನಾಲ್ಕು ಹೆಂಗಸರು ಹಿಂದಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೂರು ತಟ್ಟೆ ಉಜ್ಜುತ್ತಿದ್ದರು. ಥರ್ಮಕೋಲ್ ಬಂದಾಗ ಅವರಿಗೆ ಸೊಂಟ ನೆಟ್ಟಗೆ ಮಾಡಲು ಪುರಸೊತ್ತು ಸಿಕ್ಕಿತು. ಇದನ್ನು ಮರೆತು "ಪ್ಲಾಸ್ಟಿಕ್ ಬಿಡಿ" ಎಂದು ವೇದಿಕೆಯಿಂದ ಹೇಳಿದರೆ, ಬಿಟ್ಟ ಕೆಲಸ ಮತ್ತೆ ಅದೇ ಕೈಗಳಿಗೆ ಬರುತ್ತದೆ. ಹಾಗೆ ಆಗುವುದಾದರೆ ಈ ಬ್ಯಾಂಕೇ ಬೇಡ ಎಂದು ನಾವು ಮೊದಲ ದಿನವೇ ತೀರ್ಮಾನ ಮಾಡಿದೆವು.

ನಮ್ಮಲ್ಲಿ ಇರುವುದು ಒಂದೇ ನಿಯಮ. ಉಂಡವರೇ ತೊಳೆಯಬೇಕು. ಅಧ್ಯಕ್ಷರು, ಮುಖ್ಯ ಅತಿಥಿಗಳು, ಪುರೋಹಿತರು, ಯಾರಿಗೂ ರಿಯಾಯಿತಿ ಇಲ್ಲ. ತುಂಬಾ ವಯಸ್ಸಾದವರು, ಕೈಲಾಗದವರು, ಚಿಕ್ಕ ಮಕ್ಕಳ ತಟ್ಟೆಯನ್ನು ಅವರ ಜೊತೆ ಬಂದವರು ತೊಳೆಯಲಿ.

ಮೊದಲ ಸಲ ಗಂಡಸರು ಎಂಜಲು ತಟ್ಟೆ ಹಿಡಿದು ಸಾಲಾಗಿ ನಿಂತುಬಿಟ್ಟರು. ಎಲ್ಲಿ ಸುರಿಯಬೇಕು, ಎಲ್ಲಿ ತೊಳೆಯಬೇಕು ಗೊತ್ತಿಲ್ಲ. ಆಗ ಮುಂದೆ ಬಂದವರು ನಮ್ಮ ಹಿರಿಯರೊಬ್ಬರು. ಹುಡುಗನಾಗಿದ್ದಾಗಲೇ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು. ಪಂಚೆ ಮೇಲೆ ಕಟ್ಟಿ ಐದು ನಿಮಿಷದಲ್ಲಿ ಸಾಲು ಸರಿಮಾಡಿದರು. ಈಗಲೂ ಅವರು ಹಾಕಿಕೊಟ್ಟ ಕ್ರಮವನ್ನೇ ಪಾಲಿಸುತ್ತೇವೆ. ಮೊದಲು ಒಂದು ಬಕೆಟ್ಟು, ಅದಕ್ಕೆ ಎಂಜಲು ಕೈಯಿಂದ ಪೂರ್ತಿ ಒರೆಸಿ ಹಾಕಬೇಕು. ಆಮೇಲೆ ಮೂರು ಟಬ್ಬು. ಒಂದರಲ್ಲಿ ಅದ್ದಿ ಜಿಡ್ಡು ಬಿಡಿಸುವುದು, ಎರಡನೆಯದರಲ್ಲಿ ಸೋಪಿನ ನೀರು ಮತ್ತು ನಾರು, ಮೂರನೆಯದರಲ್ಲಿ ಬಿಸಿ ನೀರು. ಕೊನೆಗೆ ಮೇಜಿನ ಮೇಲೆ ಬೋರಲು ಹಾಕಬೇಕು. ಒಬ್ಬರಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಸಾಲಿನಲ್ಲಿ ನಿಂತು ಮಾತಾಡುವುದೇ ಈಗ ನಮ್ಮ ಕಾರ್ಯಕ್ರಮದ ಒಂದು ಭಾಗ ಆಗಿದೆ.

ದೊಡ್ಡ ಅಡುಗೆ ಪಾತ್ರೆ ತೊಳೆಯಲು ಇಬ್ಬರು ಮೂವರನ್ನು ಕೂಲಿಗೆ ಕರೆಯಿರಿ. ಬಿಸಾಡುವ ತಟ್ಟೆ, ಲೋಟ, ಬಾಟಲಿಗೆ ನೀವು ಕೊಡುತ್ತಿದ್ದ ದುಡ್ಡನ್ನೇ ಅವರಿಗೆ ಕೊಡಿ. ಒಪ್ಪಂದದ ಕೂಲಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಆಗಲಿ. ಉಳಿದ ಅಡುಗೆ ಕಟ್ಟಿಕೊಟ್ಟು "ಇದೇ ಸಾಕು" ಅನ್ನುವುದು ಮಾತ್ರ ಬೇಡ.

ನೀರು ಜಾಸ್ತಿ ಖರ್ಚಾಗುವುದಿಲ್ಲವೇ? ನಮ್ಮಲ್ಲಿ ಬೆಳಿಗ್ಗೆ ಎರಡು ಗಂಟೆ ಮಾತ್ರ ನೀರು.

ನಲ್ಲಿ ಬಿಟ್ಟು ತೊಳೆದರೆ ಖರ್ಚಾಗುತ್ತದೆ. ಟಬ್ಬಿನಲ್ಲಿ ತೊಳೆದರೆ ಇಲ್ಲ. ಎಂಜಲು ಮೊದಲೇ ಒರೆಸಿ ತೆಗೆದರೆ ಅರ್ಧ ಕೆಲಸ ಆದ ಹಾಗೆ. ನೀರು ಬರುವ ಹೊತ್ತಿಗೆ ಎರಡು ಡ್ರಮ್ ತುಂಬಿಸಿಟ್ಟುಕೊಳ್ಳಿ. ತೀರಾ ನೀರಿನ ತಾಪತ್ರಯ ಇರುವ ಕಡೆ ಬಾಳೆ ಎಲೆ ಹಾಕಿ, ಲೋಟಕ್ಕೆ ಮಾತ್ರ ಸ್ಟೀಲ್ ಒಯ್ಯಿರಿ.

ಪೇಪರ್ ತಟ್ಟೆ, ಪೇಪರ್ ಲೋಟ ಇದೆಯಲ್ಲ, ಅದು ಪ್ಲಾಸ್ಟಿಕ್ ಅಲ್ವಲ್ಲ?

ಒಂದು ಕೆಲಸ ಮಾಡಿ. ಚಹಾ ಕುಡಿದ ಪೇಪರ್ ಕಪ್ಪನ್ನು ಹರಿದು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಕಾಗದ ಮೆತ್ತಗಾಗಿರುತ್ತದೆ. ಒಳಮೈಯನ್ನು ಉಗುರಿನಿಂದ ನಿಧಾನಕ್ಕೆ ಎಬ್ಬಿಸಿ. ಹಾಲಿನ ಕೆನೆಯ ಹಾಗೆ ತೆಳ್ಳಗಿನ ಒಂದು ಪದರ ಬಿಟ್ಟುಕೊಂಡು ಬರುತ್ತದೆ. ಅದೇ ಪ್ಲಾಸ್ಟಿಕ್. ಅದಿಲ್ಲದಿದ್ದರೆ ಬಿಸಿ ಚಹಾ ಕಾಗದದಲ್ಲಿ ನಿಲ್ಲುವುದಿಲ್ಲ. ಕಾಗದ, ಪ್ಲಾಸ್ಟಿಕ್ ಎರಡೂ ಅಂಟಿಕೊಂಡಿರುವುದರಿಂದ ರದ್ದಿಯವರು ಅದನ್ನು ಮುಟ್ಟುವುದಿಲ್ಲ. ಬೆಳ್ಳಿ ಬಣ್ಣದ ಹೊಳಪು ಇರುವ ಪೇಪರ್ ತಟ್ಟೆಯದೂ ಇದೇ ಕಥೆ. ನಮ್ಮ ಮಕ್ಕಳ ಶಿಬಿರದಲ್ಲಿ ಈ ಕಪ್ಪಿನ ಪ್ರಯೋಗ ಮಾಡಿಸಿದೆವು. ಆ ಮಕ್ಕಳು ಈಗ ಎಲ್ಲಿ ಹೋದರೂ ಲೋಟದ ಒಳಗೆ ಉಗುರು ಹಾಕಿ ನೋಡುತ್ತಾರೆ.

ಬಾಳೆ ಎಲೆ? ಹಾಳೆ ತಟ್ಟೆ?

ಬಾಳೆ ಎಲೆಗಿಂತ ಒಳ್ಳೆಯದು ನಮಗೆ ಗೊತ್ತಿಲ್ಲ. ತೊಳೆಯುವ ಕಷ್ಟ ಇಲ್ಲ, ಹಸಿ ಕಸದ ಜೊತೆ ಗೊಬ್ಬರ ಆಗುತ್ತದೆ. ಮಾಟುಂಗಾ ಮಾರ್ಕೆಟ್ಟಿನಲ್ಲಿ ವರ್ಷವಿಡೀ ಸಿಗುತ್ತದೆ. ಅಲ್ಲಿ ಎಲೆಯಲ್ಲಿ ಬಡಿಸುವ ಊಟದ ಹೋಟೆಲುಗಳು ಇವತ್ತಿಗೂ ನಡೆಯುತ್ತಿವೆ. ಆದರೆ ಎಲೆ ಊಟಕ್ಕೆ ಕೂತುಕೊಳ್ಳುವ ಪಂಕ್ತಿ ಬೇಕು. ನಿಂತು ತಿನ್ನುವ ಬಫೆಗೆ ಎಲೆ ಆಗಿಬರುವುದಿಲ್ಲ. ಪಂಕ್ತಿ ಹಾಕಲು ಜಾಗ, ಬಡಿಸಲು ಜನ ಇದ್ದರೆ ಕಣ್ಣು ಮುಚ್ಚಿ ಎಲೆ ಹಾಕಿ.

ಅಡಿಕೆ ಹಾಳೆಯ ತಟ್ಟೆ ನಮ್ಮ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗದ ಕಡೆಯದು. ತಾನಾಗಿ ಬಿದ್ದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಮಳೆಗಾಲದಲ್ಲಿ ಮುಂಬಯಿಯ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ತಂದಿಡಬೇಡಿ, ಬೇಕಾದಷ್ಟೇ ತನ್ನಿ. ಒಂದು ಸಲ ಬಳಸಿ ಎಸೆಯುವುದೇ ಆದ್ದರಿಂದ ನಮಗೆ ಇದು ಎರಡನೇ ಆಯ್ಕೆ. ಸ್ಟೀಲ್ ತಟ್ಟೆ ನೂರು ಪೂಜೆ ನೋಡುತ್ತದೆ.

ಕಾನೂನು ಏನು ಹೇಳುತ್ತದೆ?

ಮಹಾರಾಷ್ಟ್ರ ಸರ್ಕಾರ 2018ರ ಮಾರ್ಚ್ 23ರಂದು ಪ್ಲಾಸ್ಟಿಕ್ ಕೈಚೀಲ, ಥರ್ಮಕೋಲ್ ತಟ್ಟೆ, ಲೋಟ ಮುಂತಾದವಕ್ಕೆ ನಿಷೇಧ ಹೇರಿತು. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ, ಎರಡನೇ ಸಲ 10,000, ಮೂರನೇ ಸಲ 25,000 ರೂಪಾಯಿ ಮತ್ತು ಮೂರು ತಿಂಗಳವರೆಗೆ ಜೈಲು. ಗಣಪತಿ ಕೂರಿಸುವ ಥರ್ಮಕೋಲ್ ಮಂಟಪ, ಅಂದರೆ ಮಖರ್ ಕೂಡ ಆಗಲೇ ನಿಂತದ್ದು.

ಕೇಂದ್ರ ಸರ್ಕಾರದ ನಿಷೇಧ 2022ರ ಜುಲೈ 1ರಿಂದ ಇಡೀ ದೇಶಕ್ಕೆ ಬಂತು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಬಲೂನಿನ ಕಡ್ಡಿ, ಅಲಂಕಾರದ ಥರ್ಮಕೋಲ್, ಸ್ವೀಟ್ ಬಾಕ್ಸಿನ ಮೇಲೆ ಸುತ್ತುವ ಹಾಳೆ, 100 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತೆಳುವಾದ ಪಿವಿಸಿ ಬ್ಯಾನರ್, ಎಲ್ಲ ಆ ಪಟ್ಟಿಯಲ್ಲಿ ಇವೆ. ಕೇಂದ್ರದ ನಿಯಮದ ಪ್ರಕಾರ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲವನ್ನು ದೇಶದಲ್ಲಿ ಎಲ್ಲೂ ಮಾರುವಂತಿಲ್ಲ.

ದಪ್ಪದ ಲೆಕ್ಕ ಯಾಕೆ ಎಂದು ಕೇಳುತ್ತಾರೆ. ತೆಳು ಚೀಲ ಗಾಳಿಗೆ ಹಾರಿ ಗಟಾರ ಸೇರುತ್ತದೆ. ಒಂದು ಕಿಲೋ ಆಗಬೇಕಾದರೆ ನೂರಾರು ಚೀಲ ಆರಿಸಬೇಕು, ಹಾಗಾಗಿ ಚಿಂದಿ ಆಯುವವರಿಗೆ ಅದು ಗಿಟ್ಟುವುದಿಲ್ಲ. ದಪ್ಪ ಇದ್ದರೆ ಅಂಗಡಿಯವರು ಪುಕ್ಕಟೆ ಕೊಡುವುದಿಲ್ಲ, ನಾವೂ ಸುಲಭಕ್ಕೆ ಎಸೆಯುವುದಿಲ್ಲ.

2005ರ ಜುಲೈ 26ನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ಮಳೆಗೆ ಯಾವ ಊರಾದರೂ ಮುಳುಗುತ್ತಿತ್ತು, ನಿಜ. ಆದರೆ ನೀರು ಇಳಿದುಹೋಗಬೇಕಾದ ಗಟಾರಗಳ ಬಾಯಿಗೆ ಕಟ್ಟಿಕೊಂಡಿದ್ದ ಚೀಲಗಳನ್ನು ನಾವು ಕೈಯಾರೆ ಎಳೆದು ತೆಗೆದಿದ್ದೇವೆ. ರಾಜ್ಯದಲ್ಲಿ ತೆಳು ಚೀಲದ ವಿರುದ್ಧ ಕಾನೂನು ಬಿಗಿಯಾದದ್ದು ಆ ಪ್ರವಾಹದ ನಂತರವೇ.

ನಿಷೇಧ ಇದ್ದರೂ ಭಾಜಿಯವರು (ತರಕಾರಿ ಮಾರುವವರು) ತೊಟ್ಟೆಯಲ್ಲೇ ಕೊಡುತ್ತಾರಲ್ಲ?

ಕೊಡುತ್ತಾರೆ. ಕೊಡದಿದ್ದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾರೆ ಎನ್ನುವ ಭಯ ಅವರಿಗೆ. ದಂಡದ ಭಯ ಇದ್ದರೂ ದಿನದ ವ್ಯಾಪಾರದ ಚಿಂತೆ ಅದಕ್ಕಿಂತ ದೊಡ್ಡದು. ಅವರ ಜೊತೆ ಜಗಳ ಮಾಡಬೇಡಿ. ತೂಕ ಹಾಕುವ ಮೊದಲೇ ಚೀಲದ ಬಾಯಿ ಬಿಡಿಸಿ ಮುಂದೆ ಹಿಡಿದು "ಪಿಶವಿ ನಕೋ" (ತೊಟ್ಟೆ ಬೇಡ) ಅನ್ನಿ. ಹೊತ್ತು ಮುಖ್ಯ. ಅವರು ತೊಟ್ಟೆಗೆ ತುಂಬಿದ ಮೇಲೆ ಹೇಳಿದರೆ ಅದನ್ನು ಖಾಲಿ ಮಾಡಿ ಎಸೆಯುತ್ತಾರೆ, ಏನು ಬಂತು?

ನಮ್ಮ ಲೇನಿನ ಭಾಜಿಯವರ ಗಾಡಿಗೆ ನಾವು ಹಳೇ ಸೀರೆಯಲ್ಲಿ ಹೊಲಿದ ಇಪ್ಪತ್ತು ಚೀಲ ನೇತುಹಾಕಿದ್ದೇವೆ. ಮರೆತು ಬಂದವರು ಒಂದು ಒಯ್ಯಬಹುದು, ಮಾರನೇ ದಿನ ತಂದು ಹಾಕಬೇಕು. ಎಲ್ಲವೂ ವಾಪಸ್ ಬರುವುದಿಲ್ಲ. ತಿಂಗಳಿಗೊಮ್ಮೆ ಹೊಸದು ಹೊಲಿದು ತುಂಬಿಸುತ್ತೇವೆ. ಒಳಗೆ ಒಂದು ಸಣ್ಣ ಪಟ್ಟಿ ಹೊಲಿದರೆ ಮಡಚಿ ಪರ್ಸಿನಲ್ಲಿ ಇಡಬಹುದು. ಗಂಡಸರ ಪ್ಯಾಂಟಿನ ಜೇಬಿಗೂ ಹಿಡಿಸುತ್ತದೆ.

ಅಂಗಡಿಯವರು ಕೊಡುವ ಬಟ್ಟೆ ಚೀಲ ಆಗಬಹುದಲ್ಲ?

ಅದು ಬಟ್ಟೆಯೇ ಅಲ್ಲ, ಹೆಚ್ಚಿನವು. ಜವಳಿ ಅಂಗಡಿ, ಸ್ವೀಟ್ ಅಂಗಡಿಯಲ್ಲಿ ಕೊಡುವ ಬಣ್ಣಬಣ್ಣದ, ಮುಟ್ಟಿದರೆ ಒರಟಾದ, ನೂಲಿನ ಹೆಣಿಗೆ ಕಾಣದ ಚೀಲ ಪಾಲಿಪ್ರಾಪಿಲೀನ್. ಅಂದರೆ ಪ್ಲಾಸ್ಟಿಕ್. ಅನುಮಾನ ಇದ್ದರೆ ಅಂಚಿನ ಒಂದು ಎಳೆಯನ್ನು ಬೆಂಕಿಕಡ್ಡಿಗೆ ಹಿಡಿಯಿರಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಆದರೆ ಕರಗಿ ಮಣಿಯ ಹಾಗೆ ಗಂಟಾಗುತ್ತದೆ. ಮನೆಯಲ್ಲಿ ಇರುವುದನ್ನು ಎಸೆಯಬೇಡಿ, ಹರಿಯುವ ತನಕ ಬಳಸಿ. ಆದರೆ ಬಿಸಿಲಿನಲ್ಲಿ ನೇತುಹಾಕಬೇಡಿ, ಪುಡಿಪುಡಿಯಾಗಿ ಉದುರುತ್ತದೆ. ಹೊಸದು ಪಡೆಯಬೇಡಿ.

ಹಾಗೆಂದು ಹತ್ತು ಹೊಸ ಹತ್ತಿ ಚೀಲ ಕೊಂಡು ಬಾಗಿಲ ಹಿಂದೆ ತೂಗುಹಾಕಿದರೂ ಪ್ರಯೋಜನ ಇಲ್ಲ. ಹತ್ತಿ ಬೆಳೆಯಲು ತುಂಬಾ ನೀರು ಬೇಕು. ಎರಡೇ ಚೀಲ ಇಟ್ಟುಕೊಂಡು ವರ್ಷಗಟ್ಟಲೆ ಬಳಸುವವರೇ ನಿಜವಾಗಿ ಉಳಿಸುವವರು. ಈ ವಿಷಯದಲ್ಲಿ ನಮ್ಮ ಅಜ್ಜಿಯಂದಿರನ್ನು ಮೀರಿಸಿದವರು ಇಲ್ಲ.

"ಕಂಪೋಸ್ಟೆಬಲ್" ಎಂದು ಬರೆದ ಚೀಲ ಬಳಸಬಹುದೇ?

ಕೇಂದ್ರದ ನಿಯಮದಲ್ಲಿ ಅದಕ್ಕೆ ದಪ್ಪದ ಮಿತಿ ಇಲ್ಲ, ಆದರೆ ತಯಾರಕರ ಹತ್ತಿರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಅದು ಮಣ್ಣಾಗಬೇಕಾದರೆ ಒಂದೇ ಸಮನೆ ಬಿಸಿ ಇರುವ ದೊಡ್ಡ ಗೊಬ್ಬರ ಘಟಕ ಬೇಕು. ನಮ್ಮ ಬಾಲ್ಕನಿಯ ಮಡಕೆಯಲ್ಲಿ ಆರು ತಿಂಗಳಾದರೂ ಇದ್ದ ಹಾಗೇ ಇತ್ತು. ಸಮುದ್ರಕ್ಕೆ ಬಿದ್ದರೆ ಅಲ್ಲೂ ಆ ಬಿಸಿ ಇಲ್ಲ.

ಮೀನು ತರುವುದು ಹೇಗೆ? ಬಟ್ಟೆ ಚೀಲದಲ್ಲಿ ತಂದರೆ ರೈಲಿನಲ್ಲಿ ಪಕ್ಕದವರು ಸುಮ್ಮನಿರುತ್ತಾರಾ?

ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಿ ಒಯ್ಯಿರಿ. ಅದನ್ನು ಚೀಲದೊಳಗೆ ನೆಟ್ಟಗೆ ಇಡಿ. ಮೀನು ಮಾರುವ ಕೋಳಿ ಸಮುದಾಯದ ಹೆಂಗಸರಿಗೆ "ಡಬ್ಯಾತ್ ದ್ಯಾ" (ಡಬ್ಬಿಯಲ್ಲಿ ಕೊಡಿ) ಎಂದರೆ ಬಂಗುಡೆ ಶುಚಿ ಮಾಡಿ ಅದರಲ್ಲೇ ಹಾಕಿಕೊಡುತ್ತಾರೆ. ಮೊದಲು ನಕ್ಕರು. ಈಗ ನಾವು ಬರಿಗೈಯಲ್ಲಿ ಹೋದರೆ ಅವರೇ "ಡಬ್ಬಾ ಕುಠೇ?" (ಡಬ್ಬಿ ಎಲ್ಲಿ?) ಎಂದು ಕೇಳುತ್ತಾರೆ. ಅವರಿಗೂ ಇದು ತಮ್ಮ ಹೊಟ್ಟೆಪಾಡಿನ ವಿಷಯ. ಬಲೆ ಎಳೆದಾಗ ಮೀನಿಗಿಂತ ಮೊದಲು ತೊಟ್ಟೆ ಬಿಡಿಸಬೇಕಾದ ಕಷ್ಟವನ್ನು ನಮ್ಮ ಮೊಗವೀರರ ಮನೆಗಳಲ್ಲೂ ಕೇಳಿ, ಹೇಳುತ್ತಾರೆ.

ಹೋಟೆಲ್ ಪಾರ್ಸೆಲ್‌ಗೂ ಇದೇ ದಾರಿ. ಬಿಸಿ ಸಾಂಬಾರನ್ನು ತೊಟ್ಟೆಗೆ ಹೊಯ್ದು ದಾರ ಸುತ್ತಿ ಕೊಡುತ್ತಾರಲ್ಲ, ಅದರ ಬದಲು ಎರಡು ಅಂತಸ್ತಿನ ಕ್ಯಾರಿಯರ್ ಒಯ್ಯಿರಿ. ಇದು ಡಬ್ಬಾವಾಲಾಗಳ ಊರು. 1890ರಿಂದ ಇಲ್ಲಿ ಊಟ ಡಬ್ಬಿಯಲ್ಲೇ ಓಡಾಡಿದೆ, ಖಾಲಿ ಡಬ್ಬಿ ಸಂಜೆಯೊಳಗೆ ಮನೆ ಸೇರಿದೆ. ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಾಲಿನ ತೊಟ್ಟೆಯನ್ನು ಏನು ಮಾಡಬೇಕು?

ಹಾಲಿನ ತೊಟ್ಟೆ ಒಳ್ಳೆಯ ಪ್ಲಾಸ್ಟಿಕ್. ತೊಳೆದು ಒಣಗಿಸಿದರೆ ಭಂಗಾರದವರು (ಗುಜರಿಯವರು) ತೂಕಕ್ಕೆ ಕೊಳ್ಳುತ್ತಾರೆ. ತಪ್ಪು ಆಗುವುದು ಕತ್ತರಿಸುವಲ್ಲಿ. ನಾವೆಲ್ಲ ಮೂಲೆಯನ್ನು ಪೂರ್ತಿ ಕತ್ತರಿಸಿ ಹಾಕುತ್ತೇವೆ. ಉಗುರಿನಷ್ಟು ದೊಡ್ಡ ಆ ಮೂರು ಮೂಲೆಯ ಚೂರು ಸಿಂಕಿನ ಜಾಲರಿಯಲ್ಲಿ ಜಾರಿ, ಗಟಾರದಲ್ಲಿ ತೇಲಿ, ನೇರ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಹೋಗುತ್ತದೆ. ಅದನ್ನು ಆರಿಸುವವರು ಯಾರೂ ಇಲ್ಲ. ದಿನಕ್ಕೆ ಎರಡು ತೊಟ್ಟೆ ಒಡೆಯುವ ಮನೆಯಿಂದ ವರ್ಷಕ್ಕೆ 730 ಚೂರು. ಅದಕ್ಕೇ ಮೂಲೆಯನ್ನು ಮುಕ್ಕಾಲು ಭಾಗ ಮಾತ್ರ ಕತ್ತರಿಸಿ, ಕಿವಿಯ ಹಾಗೆ ತೂಗುತ್ತಿರಲಿ. ಹಾಲು ಬಗ್ಗಿಸಿದ ಮೇಲೆ ಒಂದು ಲೋಟ ನೀರು ಹಾಕಿ ಅಲುಗಾಡಿಸಿ, ಆ ಬಿಳಿ ನೀರನ್ನು ಗಿಡಕ್ಕೆ ಹಾಕಿ. ತೊಟ್ಟೆಯನ್ನು ಅಡುಗೆಮನೆಯ ಟೈಲ್ಸ್ ಮೇಲೆ ಅಂಟಿಸಿದರೆ ಒಣಗಿ ತಾನೇ ಬೀಳುತ್ತದೆ.

ಚಿಪ್ಸ್, ಬಿಸ್ಕತ್ತು, ಶಾಂಪೂ ಪ್ಯಾಕೆಟ್?

ಇದು ಕಷ್ಟದ್ದು. ಒಳಗೆ ಬೆಳ್ಳಿ ಬಣ್ಣ ಇರುವ ಪ್ಯಾಕೆಟ್ಟಿನಲ್ಲಿ ಬೇರೆ ಬೇರೆ ವಸ್ತುಗಳ ಪದರಗಳು ಅಂಟಿಕೊಂಡಿರುತ್ತವೆ. ಬೇರ್ಪಡಿಸಲು ಆಗುವುದಿಲ್ಲ, ಹಾಗಾಗಿ ಭಂಗಾರದಲ್ಲಿ ಬೆಲೆ ಇಲ್ಲ. ನಾವು ಮಾಡಿದ್ದು ಇಷ್ಟೇ. ಸಂಘದ ಮಕ್ಕಳ ಕಾರ್ಯಕ್ರಮದಲ್ಲಿ ಪ್ಯಾಕೆಟ್ ಹಂಚುವುದು ನಿಲ್ಲಿಸಿ ಚಕ್ಕುಲಿ, ಚುರುಮುರಿ ಮಾಡಿ ಕಾಗದದ ಪೊಟ್ಟಣದಲ್ಲಿ ಕೊಟ್ಟೆವು. ಮನೆಯಲ್ಲಿ ಪೂರ್ತಿ ನಿಂತಿಲ್ಲ.

ಒಣ ಕಸ, ಹಸಿ ಕಸ ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೇ ಸುರಿಯುತ್ತಾರೆ. ಯಾಕೆ ಕಷ್ಟಪಡಬೇಕು?

ಹೀಗೆ ಆಗುವುದನ್ನು ನಾನೂ ಕಂಡಿದ್ದೇನೆ, ಸಿಟ್ಟು ಬಂದಿದೆ. ಆದರೂ ಬೇರೆ ಮಾಡಿ. ಗಾಡಿ ಬರುವ ಮೊದಲೇ ನಮ್ಮ ಬುಟ್ಟಿಯನ್ನು ಒಂದು ಕೈ ಮುಟ್ಟುತ್ತದೆ. ಒಣ ಕಸ ಒಣಗಿದ್ದರೆ ಆ ಕೈಗೆ ಸಂಪಾದನೆ. ಸಾಂಬಾರಿನಲ್ಲಿ ನೆನೆದಿದ್ದರೆ ಹೊಲಸು ಮಾತ್ರ. ಧಾರಾವಿಯ 13ನೇ ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ಕನ್ನು ಬಗೆ, ಬಣ್ಣ ನೋಡಿ ಬೇರೆ ಮಾಡಿ, ತೊಳೆದು, ಚೂರು ಮಾಡಿ, ಕರಗಿಸಿ ಗುಳಿಗೆ ಮಾಡುತ್ತಾರೆ. ಅಲ್ಲಿಗೆ ತಲುಪಬೇಕಾದರೆ ನಮ್ಮ ಅಡುಗೆಮನೆಯಲ್ಲೇ ಶುಚಿಯಾಗಿರಬೇಕು.

ತಲುಪದೆ ಉಳಿದದ್ದು ದೇವನಾರ್‌ಗೆ ಹೋಗುತ್ತಿತ್ತು. ಆ ಕಸದ ಗುಡ್ಡ 1927ರಿಂದ ಇದೆ. 2016ರ ಜನವರಿಯಲ್ಲಿ ಅದು ಹೊತ್ತಿ ಉರಿದಾಗ ಚೆಂಬೂರು, ಘಾಟ್‌ಕೋಪರ್‌ನ ಮನೆಗಳಲ್ಲಿ ಕಿಟಕಿ ತೆರೆಯಲಾಗದೆ ದಿನಗಟ್ಟಲೆ ಕೂತಿದ್ದೆವು. ಶಾಲೆಗಳಿಗೆ ರಜೆ ಕೊಟ್ಟರು. ಮಕ್ಕಳು ಕೆಮ್ಮಿದ್ದು ನಾವೇ ಎಸೆದ ಕಸದ ಹೊಗೆಗೆ.

ನಿಮ್ಮ ಕಟ್ಟಡದಲ್ಲಿ ಒಣ ಕಸ ಒಯ್ಯಲು ಸರಿಯಾದ ವ್ಯವಸ್ಥೆ ಇಲ್ಲದಿದ್ದರೆ ಚಿಂದಿ ಆಯುವ ಹೆಂಗಸರ ಗುಂಪುಗಳ ಜೊತೆ ನೇರ ಮಾತಾಡಿ. ಸ್ತ್ರೀ ಮುಕ್ತಿ ಸಂಘಟನಾ 1998ರಿಂದ ಪರಿಸರ ವಿಕಾಸ ಎಂಬ ಹೆಸರಿನಲ್ಲಿ ಇವರನ್ನು ಒಟ್ಟುಗೂಡಿಸಿ, ತರಬೇತಿ ಕೊಟ್ಟು, ಸೊಸೈಟಿಗಳ ಕೆಲಸಕ್ಕೆ ಜೋಡಿಸುತ್ತಿದೆ. ಪಾಲಿಕೆ ಜೊತೆ ಸೇರಿ ಲೇನಿನವರೇ ಕಸ ನೋಡಿಕೊಳ್ಳುವ ಎಎಲ್‌ಎಂ (ಅಡ್ವಾನ್ಸ್ಡ್ ಲೊಕಾಲಿಟಿ ಮ್ಯಾನೇಜ್‌ಮೆಂಟ್) ಪದ್ಧತಿ 1990ರ ದಶಕದ ಕೊನೆಗೆ ಶುರುವಾದದ್ದು ನಮ್ಮ ಘಾಟ್‌ಕೋಪರ್‌ನ ಜೋಶಿ ಲೇನ್‌ನಲ್ಲೇ.

ಪುಣೆಯಲ್ಲಿ ಇದ್ದೇವೆ. ಅಲ್ಲಿ ಯಾರಿದ್ದಾರೆ?

ನಿಮಗೆ ನಮಗಿಂತ ಅನುಕೂಲ ಜಾಸ್ತಿ. ಅಲ್ಲಿ ಕಸ ಆಯುವವರ ಸಂಘಟನೆ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ 1993ರಲ್ಲೇ ಹುಟ್ಟಿತು. ಅದೇ ಜನ 2008ರಲ್ಲಿ ಸ್ವಚ್ಛ್ ಎಂಬ ಸಹಕಾರಿ ಸಂಘದ ಮೂಲಕ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡರು. ಮನೆಬಾಗಿಲಿಗೆ ಬಂದು ಕಸ ಒಯ್ಯುವವರೇ ಆ ಸಂಘದ ಒಡೆಯರು. ತಿಂಗಳ ಶುಲ್ಕ ತಡ ಮಾಡದೆ ಕೊಡಿ. ಪ್ಯಾಡ್, ಡಯಾಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಎಂದು ಕೇಳಿಕೊಂಡವರು ಅವರೇ. ಬಿಚ್ಚಿ ನೋಡುವ ಗತಿ ಬರಬಾರದು ಎಂದು. ಮುಂಬಯಿಯಲ್ಲೂ ನಾವು ಹಾಗೇ ಮಾಡುತ್ತಿದ್ದೇವೆ.

ನೀವು ಬೀಚ್ ಸ್ವಚ್ಛ ಮಾಡುವುದಿಲ್ಲವೇ?

ವರ್ಷಕ್ಕೆ ಒಂದೆರಡು ಸಲ ಹೋಗುತ್ತೇವೆ. ವರ್ಸೋವಾದಲ್ಲಿ ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರ್‌ನಲ್ಲಿ ವಯಸ್ಸಾದ ನೆರೆಯವರೊಬ್ಬರ ಜೊತೆ ಸೇರಿ ಶುರು ಮಾಡಿದ ಕೆಲಸ ನಮಗೆಲ್ಲ ಧೈರ್ಯ ಕೊಟ್ಟಿತು. 2016ರಲ್ಲಿ ವಿಶ್ವಸಂಸ್ಥೆ ಅವರನ್ನು ಗೌರವಿಸಿತು. 2018ರ ಮಾರ್ಚ್‌ನಲ್ಲಿ ಅದೇ ದಂಡೆಯಲ್ಲಿ ಆಲಿವ್ ರಿಡ್ಲಿ ಆಮೆಮರಿಗಳು ಮೊಟ್ಟೆಯೊಡೆದು ಸಮುದ್ರಕ್ಕೆ ಹೋದವು. ಆ ಸುದ್ದಿ ಓದಿ ಕಣ್ಣಲ್ಲಿ ನೀರು ಬಂದಿತ್ತು.

ಆದರೆ ಮಳೆಗಾಲದ ದೊಡ್ಡ ಉಬ್ಬರದ ದಿನ ಮರೀನ್ ಡ್ರೈವ್‌ಗೆ ಹೋಗಿ ನೋಡಿ. ಸಮುದ್ರ ನಮ್ಮದನ್ನೆಲ್ಲ ರಸ್ತೆಗೆ ವಾಪಸ್ ಎಸೆಯುತ್ತಿರುತ್ತದೆ. ಎತ್ತಿದಷ್ಟೂ ಬರುತ್ತದೆ. ಹಾಗಾಗಿ ನಮ್ಮ ಶಕ್ತಿಯನ್ನು ಪೂಜೆಯ ಊಟಕ್ಕೇ ಹಾಕುತ್ತೇವೆ. ಅಲ್ಲಿ ತಡೆದದ್ದು ದಂಡೆಗೆ ಬರುವುದೇ ಇಲ್ಲ.

ಕಂಪನಿಗಳನ್ನು ಬಿಟ್ಟು ನಮ್ಮಂಥವರಿಗೆ ಯಾಕೆ ಹೇಳುತ್ತೀರಿ?

ನ್ಯಾಯವಾದ ಪ್ರಶ್ನೆ. ಪ್ಯಾಕೆಟ್ ಮಾಡಿ ಮಾರಿದವರೇ ಅದನ್ನು ವಾಪಸ್ ಪಡೆಯುವ ಹೊಣೆ ಹೊರಬೇಕು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲೇ ಇದೆ. 2022ರ ಫೆಬ್ರವರಿಯಲ್ಲಿ ಆ ಹೊಣೆಗೆ ಗುರಿ, ಲೆಕ್ಕ ಎಲ್ಲ ಹಾಕಿಕೊಟ್ಟರು. ಅದು ಸರಿಯಾಗಿ ಜಾರಿಯಾಗಲಿ ಎಂದು ನಾವು ಪತ್ರ ಬರೆಯುತ್ತೇವೆ, ಸಹಿ ಸಂಗ್ರಹಿಸುತ್ತೇವೆ. ನೀವೂ ಬನ್ನಿ. ಆದರೆ ಪೂಜೆಯ ಪಾಯಸಕ್ಕೆ ಯಾವ ಲೋಟ ಎಂದು ನಿರ್ಧರಿಸುವವರು ನಾವೇ ಅಲ್ವಾ?

ಊಟ ಬಿಟ್ಟು ಸಮಾರಂಭದಲ್ಲಿ ಇನ್ನೇನು ಬದಲಿಸಬಹುದು?

ಬೇಕಾದಷ್ಟಿದೆ. ಸನ್ಮಾನದ ಹಣ್ಣಿನ ಬುಟ್ಟಿ ನೋಡಿ. ಐದು ಸೇಬು, ಎರಡು ದಾಳಿಂಬೆ, ಅದರ ಮೇಲೆ ಗರಗರ ಸದ್ದು ಮಾಡುವ ಹಾಳೆ, ಹಾಳೆಗೆ ಪ್ಲಾಸ್ಟಿಕ್ ರಿಬ್ಬನ್. ವೇದಿಕೆಯ ಮೇಲೆ ಎರಡು ನಿಮಿಷದ ಫೋಟೊಗಾಗಿ. ನಾವು ಬುಟ್ಟಿಯನ್ನು ಹತ್ತಿಯ ಪಂಚೆ ಅಥವಾ ಟವೆಲ್‌ನಲ್ಲಿ ಕಟ್ಟಿ ಕೊಡುತ್ತೇವೆ. ಹಣ್ಣು ತಿಂದ ಮೇಲೆ ಟವೆಲ್ ಉಳಿಯುತ್ತದೆ. ಬ್ಯಾನರ್‌ಗೆ ಬಟ್ಟೆ ಬಳಸಿ, ಅದರ ಮೇಲೆ ಇಸವಿ ಬರೆಸಬೇಡಿ. "ವಾರ್ಷಿಕೋತ್ಸವ" ಎಂದಿದ್ದರೆ ಸಾಕು, ನಮ್ಮದು ಆರನೇ ವರ್ಷ ಕಟ್ಟುತ್ತಿದೆ. ನೀರಿಗೆ 20 ಲೀಟರ್ ಜಾರ್ ತರಿಸಿ, ಅದು ಮತ್ತೆ ತುಂಬಲು ವಾಪಸ್ ಹೋಗುತ್ತದೆ. 200 ಮಿಲಿಲೀಟರ್ ಬಾಟಲಿಗಳು ಕುರ್ಚಿ ಕೆಳಗೆ ಅರ್ಧ ತುಂಬಿ ಉರುಳುತ್ತವೆ. ಹೂವಿನ ಅಂಗಡಿಯಲ್ಲಿ ಬಾಳೆ ಎಲೆಯಲ್ಲಿ ಕಟ್ಟಿಕೊಡಿ ಎಂದು ಕೇಳಿ.

ಸಂಕ್ರಾಂತಿಯ ಅರಿಶಿನ ಕುಂಕುಮ ಬಂದರೆ ನನಗೆ ಚಿಂತೆಯೇ. ಮರಾಠಿ ನೆರೆಯವರ ಜೊತೆ ಬೆರೆತು ನಮ್ಮಲ್ಲೂ ವಾಣ (ಬಂದ ಹೆಂಗಸರಿಗೆ ಸಣ್ಣ ಉಡುಗೊರೆ) ಕೊಡುವ ರೂಢಿ ಬಂದಿದೆ. ಚೆಂದದ ರೂಢಿ. ಆದರೆ ಮನೆಗೆ ಬರುವುದು ಪ್ಲಾಸ್ಟಿಕ್ ಡಬ್ಬಿ, ಪ್ಲಾಸ್ಟಿಕ್ ಜಾಲರಿ, ಪ್ಲಾಸ್ಟಿಕ್ ಟ್ರೇ, ಎಳ್ಳುಬೆಲ್ಲವೂ ಜಿಪ್ ತೊಟ್ಟೆಯಲ್ಲಿ. ಹೋದ ಸಲ ನಾವು ಬ್ಲೌಸ್ ಪೀಸಿನಲ್ಲಿ ಸಣ್ಣ ಸಣ್ಣ ಚೀಲ ಹೊಲಿದು ಎಳ್ಳುಬೆಲ್ಲ ತುಂಬಿ ಕೊಟ್ಟೆವು. ಆ ಚೀಲ ಈಗ ಒಬ್ಬರ ಮನೆಯಲ್ಲಿ ಏಲಕ್ಕಿಗೆ, ಇನ್ನೊಬ್ಬರ ಮನೆಯಲ್ಲಿ ಚಿಲ್ಲರೆಗೆ.

ಅತ್ತೆಯವರು ಪ್ಲಾಸ್ಟಿಕ್ ತೊಟ್ಟೆ ತೊಳೆದು ಒಣಗಿಸಿ ಹಾಸಿಗೆ ಕೆಳಗೆ ಇಡುತ್ತಾರೆ. ಹೇಗೆ ಬಿಡಿಸುವುದು?

ಬಿಡಿಸಬೇಡಿ. ಅವರು ಸರಿಯಾಗಿಯೇ ಮಾಡುತ್ತಿದ್ದಾರೆ.

ಪಾತ್ರೆ ಬೇಕಾದರೆ ಏನು ಮಾಡಬೇಕು?

ಒಂದು ವಾರ ಮೊದಲು ಹೇಳಿ. ಶ್ರಾವಣ ಮತ್ತು ಗಣಪತಿ ಹಬ್ಬದ ಸಮಯದಲ್ಲಾದರೆ ಒಂದು ತಿಂಗಳು ಮೊದಲು. ಒಯ್ಯುವಾಗ ಎಣಿಸಿ ಒಯ್ಯಿರಿ, ತರುವಾಗ ಎಣಿಸಿ ತನ್ನಿ. ಒದ್ದೆ ಇರಬಾರದು. ಟಬ್ಬುಗಳೂ ನಮ್ಮಲ್ಲೇ ಇವೆ, ಕೇಳಿ.

ತಟ್ಟೆ ಕಳೆದುಹೋದರೆ?

ದಂಡ ಇಲ್ಲ. ನಿಮ್ಮ ಅಟ್ಟದ ಮೇಲೆ ಹುಡುಕಿ ಒಂದು ತಟ್ಟೆ ತಂದುಕೊಡಿ. ಹೆಸರು ಕೊರೆದಿದ್ದರೂ ಪರವಾಗಿಲ್ಲ, ಅಳಿಸಬೇಡಿ. ಹೋದ ತಿಂಗಳು ಒಬ್ಬರು ಮೂರು ತಟ್ಟೆ ಕಳೆದು, ಮೂರು ತಂದುಕೊಟ್ಟರು. ಒಂದರ ಅಂಚಿನಲ್ಲಿ ಅವರ ತಾಯಿಯ ಮದುವೆಯ ತಾರೀಕು ಇತ್ತು. ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ. ಮುಂದಿನ ಊಟಕ್ಕೆ ಮೊದಲು ಹೋಗುವುದು ಅದೇ.